ಗೊಣ್ಣೆಹುಳ ಹಿಡಿದು ಪಿಎಚ್‌ಡಿಗೆ ಹೊರಟಾಗ

ಪ್ರಯೋಗಾಲಯದ ಹುಳ ಹೇಳಿದ ಮಾತು ಕೇಳುತ್ತದೆ. ಹೊಲದ ಹುಳ ಹಾಗಲ್ಲ. ಅದಕ್ಕೊಂದು ಹೊಲ, ಹೊಲಕ್ಕೊಬ್ಬ ಮಾಲೀಕ, ಮಾಲೀಕನಿಗೊಬ್ಬ ತಾಯಿ ಇರುತ್ತಾಳೆ. ಹೀಗಾಗಿ ಹೊರಗೆ ಕಾಲಿಟ್ಟು ಸಂಶೋಧನೆ ಮಾಡುವವರಿಗೆ ಬಗೆಬಗೆಯ ಪ್ರಸಂಗಗಳು ಒಂದರ ಹಿಂದೊಂದು ಗಂಟು ಬೀಳುತ್ತಲೇ ಇರುತ್ತವೆ. ಪ್ರಬಂಧದಲ್ಲಿ ಮಾತ್ರ ಒಂದಕ್ಕೂ ಜಾಗವಿರುವುದಿಲ್ಲ.

ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿಗೆ ಸೇರಿದಾಗ ನಾನು ಆರಿಸಿಕೊಂಡದ್ದು ಗೊಣ್ಣೆಹುಳ. ಬೆಳ್ಳಗೆ, ದಪ್ಪಗೆ, ಮಣ್ಣಿನೊಳಗೆ ಮುದುಡಿ ಮಲಗಿ ಕಬ್ಬಿನ ಬೇರು ತಿನ್ನುವ ಹುಳ. ಅದಕ್ಕೆ ರೋಗ ಹತ್ತಿಸುವ ಒಂದು ಶಿಲೀಂಧ್ರವಿದೆ. ಅದರ ಪುಡಿ ನಮ್ಮ ಕಡೆಯ ಹೊಲಗಳಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡುವುದು ನನ್ನ ಪಾಲಿಗೆ ಬಂದ ಪ್ರಶ್ನೆ. ರಾಯಬಾಗದ ಹತ್ತಿರದ ನಮ್ಮೂರಿನಲ್ಲಿ ಇಷ್ಟು ಓದಿದ ಹೆಣ್ಣುಮಗಳು ನಾನೇ ಮೊದಲು. ಡಾಕ್ಟರೇಟ್ ಸಿಗದೆ ವಾಪಸು ಹೋದರೆ ನನ್ನ ಹಿಂದೆ ಬರುವ ಹುಡುಗಿಯರಿಗೆಲ್ಲ ‘ಅಕಿ ಓದಿ ಏನ ಮಾಡಿದ್ಲು’ ಎಂಬ ಮಾತು ಕಾದಿತ್ತು. ಆ ಭಯ ನನ್ನನ್ನು ಓದಿಸಿದಷ್ಟು ಯಾವ ಪ್ರಾಧ್ಯಾಪಕರೂ ಓದಿಸಲಿಲ್ಲ.

ಎಮ್ಮಿ ಇರುವಾಗ ಹುಳ ಯಾಕ

ಶಿರಗುಪ್ಪಿಯ ಹತ್ತಿರ ಒಬ್ಬ ಕಬ್ಬು ಬೆಳೆಗಾರರು ತಮ್ಮ ಹೊಲದಲ್ಲಿ ಪ್ರಯೋಗ ಮಾಡಲು ಒಪ್ಪಿದರು. ಅವರನ್ನು ನಾನು ಕಾಕಾ ಎಂದೆ. ಕಾಕಾ ಒಪ್ಪಿದ್ದು ಒಂದೇ ಮಾತಿಗೆ. ಆದರೆ ಹೊಲ ನಡೆಯುತ್ತಿದ್ದದ್ದು ಅವರ ತಾಯಿಯ ಮಾತಿನ ಮೇಲೆ. ಮನೆಮಂದಿ, ಆಳುಗಳು, ಕೊನೆಗೆ ಹಾಲು ಒಯ್ಯಲು ಬರುವವನೂ ಅವರನ್ನು ಆಯಿ ಎನ್ನುತ್ತಿದ್ದರು.

ಆಯಿ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಕೈಯಲ್ಲಿ ಚಹಾ ಕೊಟ್ಟು, ವಿಚಾರಣೆ ಶುರು ಮಾಡಿದರು.

“ಏನ ಓದಾಕತ್ತೀಯವಾ?”

“ಗೊಣ್ಣೆಹುಳದ ಮ್ಯಾಲ ಓದಾಕತ್ತೀನ್ರಿ ಆಯಿ.”

“ಎಷ್ಟ ವರ್ಷದ್ದು?”

“ಐದ ವರ್ಷ ಆಗಬಹುದ್ರಿ.”

“ಮನ್ಯಾಗ ಏನ ಅದಾವ?”

“ಸ್ವಲ್ಪ ಹೊಲ ಐತ್ರಿ. ಮತ್ತ ಎಮ್ಮಿ ಅದಾವ.”

“ಎಮ್ಮಿ ಇರೂವಾಗ ಹುಳದ ಮ್ಯಾಲ ಯಾಕ ಓದಾಕ ಹೋದಿ? ಐದ ವರ್ಷ ಎಮ್ಮಿ ಮ್ಯಾಲ ಓದಿದ್ರ ಹಾಲರ ಬರ್ತಿತ್ತು.”

ಕಬ್ಬಿಲ್ಲದವರು ಸುಮ್ಮನಿರಿ

ಹೊಲದಲ್ಲಿ ಅಗೆದ ಹುಳಗಳನ್ನು ಮಣ್ಣಿನ ಸಮೇತ ತೂತು ಹೊಡೆದ ಡಬ್ಬಿಗಳಲ್ಲಿ ತುಂಬಿ ಬಸ್ಸಿನಲ್ಲಿ ವಿಭಾಗಕ್ಕೆ ಒಯ್ಯುತ್ತಿದ್ದೆ. ಒಂದು ದಿನ ಕಂಡಕ್ಟರ್ ಡಬ್ಬಿಯ ಮೇಲೆ ಕಣ್ಣು ಹಾಯಿಸಿ, “ಅಕ್ಕಾರ, ಇದರಾಗ ಏನೈತ್ರಿ?” ಎಂದು ಕೇಳಿದ.

“ಗೊಣ್ಣೆಹುಳ ಅದಾವ್ರಿ.”

ಹುಳ ಎಂದ ಕೂಡಲೇ ಜನ ದೂರ ಸರಿಯುತ್ತಾರೆ ಎಂದುಕೊಂಡಿದ್ದೆ. ಹಿಂದಿನ ಸೀಟಿನವರೆಲ್ಲ ಎದ್ದು ಮುಂದೆ ಬಂದರು. ಒಬ್ಬರು ಮೊಬೈಲಿನಲ್ಲಿ ತಮ್ಮ ಹೊಲದ ಹುಳದ ಫೋಟೊ ತೋರಿಸಿದರು. ಇನ್ನೊಬ್ಬರು ಒಣಗಿದ ಕಬ್ಬಿನ ಬುಡದ ಫೋಟೊ ಹಿಡಿದು, ಬದುಕುತ್ತದೋ ಇಲ್ಲವೋ ಅಷ್ಟು ಹೇಳಿರಿ ಎಂದರು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು, “ಒಬ್ಬೊಬ್ಬರ ಬರ್ರಿ, ಗದ್ದಲ ಮಾಡಬ್ಯಾಡ್ರಿ” ಎಂದು ಸಾಲು ಹಚ್ಚಲು ನಿಂತ. ಅಂಕಲಿ ದಾಟುತ್ತಲೇ ಡ್ರೈವರ್ ಬಸ್ಸನ್ನು ಬದಿಗೆ ಹಾಕಿ ಕೆಳಗಿಳಿದ.

“ಇದ ನಮ್ಮ ಹೊಲರಿ ಮೇಡಮ್ಮಾರ. ಹೆಂಗೂ ಬಂದೀರಿ, ಹಂಗ ಒಂದ ಹೆಜ್ಜಿ ಇಳದ ನೋಡಿ ಬಿಡ್ರಿ.”

ನಾನು ಇಳಿದೆ. ನನ್ನ ಹಿಂದೆ ಅರ್ಧ ಬಸ್ಸು ಇಳಿಯಿತು. ಡ್ರೈವರ್ ಬುಡ ಅಗೆದ, ಹುಳ ಸಿಕ್ಕಿತು, ಎಲ್ಲರೂ ಬಗ್ಗಿ ನೋಡಿದರು. ನಿಪ್ಪಾಣಿಗೆ ಹೋಗಬೇಕಿದ್ದ ಒಬ್ಬ ಬಟ್ಟೆ ವ್ಯಾಪಾರಿಗೆ ಮಾತ್ರ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅಹೋ, ಹೀ ಬಸ್ ಆಹೇ ಕಾ ದವಾಖಾನಾ?” ಎಂದು ಮರಾಠಿಯಲ್ಲಿ ಸಿಡುಕಿದ, ಇದು ಬಸ್ಸೋ ಆಸ್ಪತ್ರೆಯೋ ಎಂದು.

ಕಂಡಕ್ಟರ್ ಶಾಂತವಾಗಿ ಕೇಳಿದ. “ನಿಮ್ಮದು ಕಬ್ಬ ಐತೇನ್ರಿ?”

“ನಾಹೀ.”

“ಹಂಗಾರ ಸುಮ್ಮ ಕುಂಡ್ರಿ.”

ಉಪವಾಸದ ಸಾಲು

ನಮ್ಮ ಪ್ರಯೋಗದ ಕ್ರಮ ಸರಳ. ಹೊಲದ ಅರ್ಧ ಸಾಲುಗಳಿಗೆ ಶಿಲೀಂಧ್ರದ ಪುಡಿ ಹಾಕಬೇಕು, ಉಳಿದರ್ಧಕ್ಕೆ ಏನೂ ಹಾಕಬಾರದು. ಎರಡನ್ನೂ ಹೋಲಿಸಿ ನೋಡಿದರೆ ತಾನೇ ಪುಡಿಯ ಗುಣ ತಿಳಿಯುವುದು. ಕಾಕಾ ಎಲ್ಲವನ್ನೂ ಕೇಳಿ ತಲೆಯಾಡಿಸಿದರು.

ಮಳೆಗಾಲದಲ್ಲಿ ಏನೂ ಹಾಕದ ಸಾಲುಗಳು ಹಳದಿಯಾದವು. ದುರ್ದೈವಕ್ಕೆ ಅವು ಇದ್ದದ್ದು ರಸ್ತೆಯ ಕಡೆಗೆ. ಹೋಗುವವರು ಬರುವವರೆಲ್ಲ ಗಾಡಿ ನಿಲ್ಲಿಸಿ, “ಯಾಕ್ರಿ, ಈ ಸಲ ಹೊಲದ ಕಡೆ ಲಕ್ಷ್ಯ ಇಲ್ಲೇನ?” ಎಂದು ಕೇಳತೊಡಗಿದರು. ಕಬ್ಬಿನ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ.

ಮುಂದಿನ ಸಲ ನಾನು ಹೋದಾಗ ಎಲ್ಲ ಸಾಲುಗಳೂ ಒಂದೇ ಸಮ ಹಸಿರಾಗಿ ನಿಂತಿದ್ದವು. ಕಾಕಾ ಮುಖ ಆ ಕಡೆ ತಿರುಗಿಸಿದರು. ಆಯಿ ಮಾತ್ರ ಮುಚ್ಚುಮರೆ ಮಾಡಲಿಲ್ಲ.

“ನಾನ ಹಾಕೀನಿ. ನಿನ್ನ ಪುಡಿ ಉಳದಿತ್ತಲ್ಲ. ಅರ್ಧ ಮಕ್ಕಳಿಗಿ ಉಣ್ಣಾಕ ಹಾಕಿ ಇನ್ನರ್ಧ ಮಕ್ಕಳನ್ನ ಉಪವಾಸ ಕೆಡವೂದು ಯಾವ ಸಾಲ್ಯಾಗ ಕಲಸ್ತಾರವಾ?”

ನಾನು ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಪುಡಿ ಕೆಲಸ ಮಾಡಿದ್ದು ಕಣ್ಣಿಗೆ ಕಾಣುತ್ತಿತ್ತು, ಹೋಲಿಸಿ ತೋರಿಸಲು ಒಂದು ಕೆಟ್ಟ ಸಾಲೂ ಉಳಿದಿರಲಿಲ್ಲ. ಒಂದಿಡೀ ಬೆಳೆ ಹೋಯಿತು. ನೋಂದಣಿಯ ಅವಧಿಯಲ್ಲಿ ಉಳಿದದ್ದು ಇನ್ನೊಂದೇ ಬೆಳೆ. ಅದೂ ಕೆಟ್ಟರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುವುದೇ.

ನನ್ನ ಕಣ್ಣೀರು ಕಂಡು ಆಯಿಯ ಮುಖ ಬಾಡಿತು. ನನ್ನ ಬೆನ್ನು ಸವರಿ, “ಮುಂದಿನ ಸಲ ನಾನ ಕಾಯ್ತೀನಿ, ಅಳಬ್ಯಾಡ” ಎಂದರು.

ಮರುವರ್ಷ ಏನೂ ಹಾಕದ ಸಾಲುಗಳು ಮತ್ತೆ ಹಳದಿಯಾದವು. ಆದರೆ ಯಾರೂ ಒಂದು ಮಾತೂ ಕೇಳಲಿಲ್ಲ. ಬದಲಿಗೆ ಕೆಲವರು ಆ ಸಾಲುಗಳ ಮುಂದೆ ಚಪ್ಪಲಿ ಕಳಚಿ ಕೈಮುಗಿದು ಹೋಗುತ್ತಿದ್ದರು. ವಿಚಾರಿಸಿದರೆ, ಇವುಗಳಿಗೆ ಏನೂ ಹಾಕುವುದಿಲ್ಲವೆಂದು ಯಡೂರಿನ ದೇವರಿಗೆ ಹರಕೆ ಹೊತ್ತಿದ್ದೇವೆ ಎಂದು ಆಯಿ ಊರಿಗೆಲ್ಲ ಹೇಳಿಬಿಟ್ಟಿದ್ದರು. ಸುಳ್ಳಾಗಬಾರದೆಂದು ಯಡೂರಿಗೆ ಹೋಗಿ ನಿಜವಾಗಿಯೂ ಹೊತ್ತು ಬಂದಿದ್ದರು.

ಅಂಕಿಅಂಶ ನೋಡಿ ನನ್ನ ಮಾರ್ಗದರ್ಶಕರು ಬೆರಗಾದರು. “ಇಷ್ಟು ಚೊಕ್ಕಟವಾಗಿ ಹೇಗೆ ಕಾಪಾಡಿದಿರಿ? ಬೇಲಿ ಹಾಕಿಸಿದ್ದಿರಾ?”

“ಇಲ್ಲ ಸರ್, ಹರಕೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು. “ಕೆಲಸ ಬಹಳ ಚೆನ್ನಾಗಿ ಆಗಿದೆ. ವಿಧಾನದ ಅಧ್ಯಾಯವನ್ನು ಮಾತ್ರ ನಾನೇ ಒಮ್ಮೆ ನೋಡುತ್ತೇನೆ.”

ಒಳಗೆ ಹೋಗಿ ತಿಳಿಸುತ್ತೇವೆ

ಕೊನೆಯದು ಮೌಖಿಕ ಪರೀಕ್ಷೆ. ಬಯಸಿದ ಯಾರಾದರೂ ಬಂದು ಕೂರಬಹುದಾದ ಪರೀಕ್ಷೆ ಅದು. ಸಾಮಾನ್ಯವಾಗಿ ಯಾರೂ ಬಯಸುವುದಿಲ್ಲ. ನಾನು ಕಾಕಾಗೆ ಫೋನಿನಲ್ಲಿ ಸುಮ್ಮನೆ ಹೇಳಿದ್ದೆ. ಆ ದಿನ ಬೆಳಗ್ಗೆ ವಿಭಾಗದ ಮುಂದೆ ಒಂದು ಕ್ರೂಸರ್ ಜೀಪು ಬಂದು ನಿಂತಿತು. ಅದರಿಂದ ಕಾಕಾ, ಅವರ ಹೆಂಡತಿ ಕಾಕು, ನೆರೆಹೊಲದವರು, ಒಂದು ಡಬ್ಬಿ ಅವಲಕ್ಕಿ ಚೂಡಾ, ಕೊನೆಗೆ ಇಳಕಲ್ ಸೀರೆ ಉಟ್ಟ ಆಯಿ ಇಳಿದರು. ಎಲ್ಲರೂ ಮೊದಲ ಸಾಲಿನಲ್ಲೇ ಕೂತರು.

ಪುಣೆಯಿಂದ ಬಂದ ಪರೀಕ್ಷಕರೊಬ್ಬರು, ಜೊತೆಗಿದ್ದ ಸಮಿತಿಯವರು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು, ಎಲ್ಲವೂ ಇಂಗ್ಲಿಷಿನಲ್ಲಿ. ಆಯಿಗೆ ಭಾಷೆ ತಿಳಿಯದಿದ್ದರೂ ದೃಶ್ಯ ಚೆನ್ನಾಗಿ ತಿಳಿದಿತ್ತು. ಪರಸ್ಥಳದ ಗಂಡಸರು ಸೋಫಾದಲ್ಲಿ ಕೂತು ಬಿಸ್ಕೀಟು ತಿನ್ನುತ್ತಿದ್ದಾರೆ. ಸೀರೆ ಉಟ್ಟ ಹುಡುಗಿ ಎದುರಿಗೆ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಾಳೆ. ಕೊನೆಗೆ ಪುಣೆಯ ಪರೀಕ್ಷಕರು ಎದ್ದು, ಗಡಿ ಭಾಗದ ನಮ್ಮವರಿಗೂ ತಿಳಿಯಲೆಂದು ಮರಾಠಿಯಲ್ಲೇ, ಒಳಗೆ ಹೋಗಿ ಮಾತಾಡಿ ಆಮೇಲೆ ತಿಳಿಸುತ್ತೇವೆ ಎಂದರು.

ಆಯಿ ಎದ್ದು ನಿಂತರು.

“ಆಮ್ಯಾಲ ತಿಳಸ್ತೀವಿ ಅಂದ್ರ ಏನಂತ ನನಗ ಗೊತ್ತೈತ್ರಿ. ನನ್ನ ಹೆಣ್ಣಮಕ್ಕಳನ್ನ ನೋಡಾಕ ಬಂದವರೆಲ್ಲ ಹಿಂಗ ಹೇಳಿ ಚಹಾ ಕುಡದ ಹೋಗ್ಯಾರ. ಹುಡುಗಿ ಎಷ್ಟೊತ್ತಿನಿಂದ ನಿಂತಾಳ. ಪಸಂದ ಇದ್ರ ಇಲ್ಲೇ ಹೇಳ್ರಿ. ಇಲ್ಲಂದ್ರ ಅಕಿಗೇನ ಕಡಿಮಿ ಐತಿ, ನಾವು ಬ್ಯಾರೆ ಯುನಿವರ್ಸಿಟಿ ನೋಡ್ತೀವಿ.”

ವಿಭಾಗದ ಒಬ್ಬರು ಅದನ್ನು ಪುಣೆಯ ಪರೀಕ್ಷಕರಿಗೆ ಮರಾಠಿಯಲ್ಲಿ ತಿಳಿಸಿದರು. ಅವರು ಜೊತೆಯವರ ಮುಖ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ತಲೆಯಾಡಿಸಿದರು. ಪರೀಕ್ಷಕರು ಆಯಿಯ ಕಡೆ ತಿರುಗಿ ಕೈಮುಗಿದು, “ಮುಲಗೀ ಪಸಂತ ಆಹೇ, ಆಜಿ” ಎಂದರು, ಹುಡುಗಿ ಒಪ್ಪಿಗೆ ಎಂದು.

ಎಲ್ಲರೂ ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಆಯಿ ತಡೆದರು.

“ನಿಂದರ್ರಿ, ಹುಡುಗಿನ್ನ ಕೇಳಬೇಕು.” ನನ್ನ ಕಡೆ ನೋಡಿ ಕೇಳಿದರು. “ನಿನಗ ಇವರೆಲ್ಲ ಪಸಂದ ಅದಾರೇನವಾ?”