ಚೀಟಿ ಎತ್ತಿ ಕಟ್ಟಿದ ಬಡಾವಣೆ

ಸ್ವಂತ ಅಭಿಪ್ರಾಯ ಇರುವವನು ಒಳ್ಳೆಯ ಚರ್ಚಾಪಟು ಆಗಲಾರ. ಇದು ನನ್ನ ದೃಢವಾದ ನಂಬಿಕೆ. ಬೇಕಿದ್ದರೆ ಇದರ ವಿರುದ್ಧವೂ ಮಾತನಾಡಬಲ್ಲೆ. ಶಿಕಾರಿಪುರದ ಶಾಲೆಯಲ್ಲಿ ಚನ್ನಬಸಪ್ಪ ಮೇಷ್ಟ್ರು ನಮ್ಮನ್ನು ಪಳಗಿಸಿದ್ದೇ ಹಾಗೆ. ವೇದಿಕೆ ಹತ್ತಿದ ಮೇಲೆ ಚೀಟಿ ಎತ್ತಬೇಕು. ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಹೊತ್ತು ಮೀರಿದರೆ ಮೇಷ್ಟ್ರು ಸ್ಟೀಲ್ ಲೋಟಕ್ಕೆ ಚಮಚದಿಂದ ಟಿಣ್ ಎನ್ನಿಸುವರು, ಕೂತುಬಿಡಬೇಕು. ಗೆದ್ದವನಿಗೆ ಅದೇ ಲೋಟ ಬಹುಮಾನ.

ಎಪ್ಪತ್ತರ ದಶಕದಲ್ಲಿ, ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ವಿಶ್ವವಿದ್ಯಾಲಯ ಬರುತ್ತದೆಂಬ ಸುದ್ದಿ ಆನವಟ್ಟಿ ಬಸ್ಸಿನಲ್ಲಿ ಬಂದಿಳಿಯಿತು. ನಿವೃತ್ತರಾಗಿದ್ದ ಮೇಷ್ಟ್ರು ಕೂಡಲೇ ಸಂಘ ಕಟ್ಟಿ, ಅದರ ಪಕ್ಕಕ್ಕೊಂದು ಸ್ವಾವಲಂಬಿ ಬಡಾವಣೆ ಯೋಜಿಸಿದರು. ಸ್ನಾನದ ನೀರು ಬಾಳೆಗಿಡಕ್ಕೆ, ಬಾಳೆಹಣ್ಣು ಪ್ರೊಫೆಸರರಿಗೆ, ಸಿಪ್ಪೆ ಅವರ ಹಸುವಿಗೆ. “ವಿಶ್ವವಿದ್ಯಾಲಯ ಎಲ್ಲೈತಿ ಸಾರ್?” ಎಂದು ನಾನು ಕೇಳಿದೆ. ಅದನ್ನೂ ಚರ್ಚೆಗಿಟ್ಟರು. ನನ್ನ ವಾದದ ನಡುವೆ ಲೋಟ ಟಿಣ್ ಎಂದಿತು. ವಿಶ್ವವಿದ್ಯಾಲಯ ಬಹುಮತದಿಂದ ಬಂದೇಬಿಟ್ಟಿತು.

ಆದರೂ ನಾನು ಸದಸ್ಯನಾದದ್ದು ಅವ್ವನಿಗಾಗಿ. ನಮ್ಮ ಬಾಡಿಗೆಮನೆಯ ಅಡುಗೆಕೋಣೆಗೆ ಮಾಲೀಕರ ಎಮ್ಮೆ ಕೊಟ್ಟಿಗೆ ಅಂಟಿಕೊಂಡಿತ್ತು. “ಸಗಣಿ ವಾಸ್ನಿ ಇಲ್ದ ಮನ್ಯಾಗೆ ಒಂದ್ಸಲ ಉಣ್ಬೇಕಪ್ಪ” ಎಂಬುದೊಂದೇ ಅವಳ ಬೇಡಿಕೆ. ಇಳಿಜಾರಿನ ಕೊನೆಯ ನಿವೇಶನ ನಮಗೆಂದು ಗೊತ್ತಾದಾಗ, ಗಾಳಿ ಬರುವ ಕಡೆಗೆ ಅವಳು ಮನಸ್ಸಿನಲ್ಲೇ ಕಿಟಕಿಯಿಟ್ಟು ಪರದೆಯನ್ನೂ ಕಟ್ಟಿದ್ದಳು.

ಮುಂದಿನ ಸಭೆಯಲ್ಲಿ ಮೇಷ್ಟ್ರು ಇಡೀ ಬಡಾವಣೆಗೆ ಒಂದೇ ಗೋಬರ್ ಗ್ಯಾಸ್ ತೊಟ್ಟಿ ಎಂದರು. ಜಾಗ, ಇಳಿಜಾರಿನ ಕೊನೆ. ಅಂದರೆ ಅವ್ವನ ಕಿಟಕಿಯ ಕೆಳಗೆ! ನಾನು ಪ್ರತಿಭಟಿಸಲು ಎದ್ದೆ. “ಮೊದಲು ಚೀಟಿ ಎತ್ತು” ಎಂದರು. ನನಗೆ ‘ಪರ’ ಬಂತು. ‘ವಿರೋಧ’ ಬಂದದ್ದು ಮರಗೆಲಸದ ಗಫಾರ್ ಸಾಬರಿಗೆ. ಅವರಿಗೋ ಸೌದೆ ಉಳಿಯುತ್ತದೆಂದು ತೊಟ್ಟಿಯ ಮೇಲೆ ಪಂಚಪ್ರಾಣ.

“ಅದಲು ಬದಲು ಮಾಡ್ಕೊಳ್ಳಾಣೇನ್ರೀ ಸಾಬ್ರೇ?”

“ಬ್ಯಾಡ್ರೀ, ಮೇಷ್ಟ್ರು ಬೈತಾರೆ.”

ಸಾಬರು ಎದ್ದು, “ವಾಸ್ನಿ ಬರ್ತದ್ರೀ” ಎಂದು ಕೂತರು. ನಾನು ಗಾಬರಿಯಿಂದ “ನೊಣ ಅನ್ರೀ” ಎಂದು ಪಿಸುಗುಟ್ಟಿದೆ. ಮತ್ತೆ ಎದ್ದರು: “ನೊಣಾನೂ ಬರ್ತದಂತೆ. ಇವ್ರೇ ಹೇಳಿದ್ರು.”

ನನ್ನ ಸರದಿ. ಕೆಟ್ಟದಾಗಿ ಮಾತನಾಡಿ ಸೋಲುವುದೆಂದು ನಿರ್ಧರಿಸಿಯೇ ನಿಂತೆ; ತಡವರಿಸಿದೆ ಕೂಡ. ಅಷ್ಟರಲ್ಲಿ ಹಿಂದಿನಿಂದ ಸೊರಬದವರೊಬ್ಬರು, “ಇವನಿಗೆ ವಿಷಯವೇ ಗೊತ್ತಿಲ್ಲ ಮಾರಾಯ್ರೆ” ಎಂದುಬಿಟ್ಟರು. ಮುಗಿಯಿತು. ವಾಸನೆಯೆಂಬುದು ಮೂಗಿನ ಪೂರ್ವಗ್ರಹ ಎಂದೆ. ನೊಣವೂ ಒಲ್ಲದ ಊರಿಗೆ ವಿದ್ವಾಂಸರು ಬಂದಾರೆಯೇ ಎಂದೆ. ತೊಟ್ಟಿಗೆ ಅತ್ಯಂತ ಹತ್ತಿರದ ಮನೆಯೇ ಅತ್ಯಂತ ಮುಂದುವರಿದ ಮನೆ ಎಂದು ಸಾಧಿಸಿದೆ. ಸಾಬರು ಕಣ್ಣೊರೆಸಿಕೊಂಡರು. ತೊಟ್ಟಿ ಅವಿರೋಧವಾಗಿ ಗೆದ್ದಿತು.

ಲೋಟ ಹಿಡಿದು ಮನೆಗೆ ಬಂದೆ.

“ಗೆದ್ಯಾ?”

“ಗೆದ್ದೆ.”

“ಹಂಗಾರೆ ತೊಟ್ಟಿ ಬ್ಯಾರೆ ಕಡೆ ಹೋತು?”

ಹೇಳಿದೆ. ಅವ್ವ ಸಾರು ತಿರುವುತ್ತಲೇ, “ಇಲ್ಲಿ ಒಂದೇ ಎಮ್ಮಿ ಐತಿ. ಅಲ್ಲಿ ಪ್ರೊಫೆಸರ್‌ಗಳದ್ದೆಲ್ಲ ಸೇರ್ತಾವು. ನಾನಿಲ್ಲೇ ಇರ್ತೀನಿ” ಎಂದಳು.

“ಅವ್ವಾ, ಇದನ್ನ ಬೇರೆ ದೃಷ್ಟಿಯಿಂದ ನೋಡಿದರೆ...” ಎಂದು ಶುರುಮಾಡಿದೆ. ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡು, ಸಾರಿನ ಚಮಚದಿಂದ ಟಿಣ್ ಎನ್ನಿಸಿದಳು. ಅಭ್ಯಾಸಬಲ, ಕೂತುಬಿಟ್ಟೆ. ಗೋಡೆಯಾಚೆ ಎಮ್ಮೆ ದೀರ್ಘವಾಗಿ ಕೂಗಿತು. ಆ ದಿನ ಚೀಟಿ ಎತ್ತದೆ ಅವ್ವನ ಪರವಾಗಿ ದನಿಯೆತ್ತಿದ್ದು ಅದೊಂದೇ.