ಹೆಣ್ಣು ನೋಡುವ ದಿನದ ಈಸ್ಟರ್ ಮೊಟ್ಟೆ

ನಮ್ಮ ಮನೆಯಲ್ಲಿ ಯಾವ ಹಬ್ಬವೂ ನೆಟ್ಟಗೆ ಕಳೆದದ್ದಿಲ್ಲ. ನಾನು ಹೆದರಿದಷ್ಟೂ ಅವಾಂತರ ಹೆಚ್ಚು, ಹೆದರದೆ ಇರಲು ನನಗೆ ಬರುವುದಿಲ್ಲ. ಆ ಯುದ್ಧಕಾಲದ ಈಸ್ಟರಿಗಂತೂ ಮಗಳನ್ನು ನೋಡಲು ಗಂಡಿನ ಕಡೆಯವರು ಕೂಳೂರು ಹೊಳೆ ದಾಟಿ ಬರುವವರಿದ್ದರು. ಹಿಂದೊಂದು ಸಂಬಂಧ ಕೈತಪ್ಪಿತ್ತು. ಇದೂ ತಪ್ಪಿದರೆ ಎಂತ ಗತಿ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ. ಮನೆ ಚೆಂದ ಕಾಣಬೇಕು, ಕೈಯಲ್ಲಿ ಕಾಸಿಲ್ಲ. ಅಲಂಕಾರವೆಲ್ಲ ಮನೆಮಂದಿಯೇ ಕೂತು ಮಾಡಿದೆವು.

ಕಾಗದದ ಸರಪಳಿ

ಬಣ್ಣದ ಕಾಗದ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಹಳೆ ಕ್ಯಾಲೆಂಡರು, ಸಾಬೂನು ಸುತ್ತಿ ಬಂದ ಕಾಗದ ಎಲ್ಲ ಕತ್ತರಿಸಿ ಬಳೆ ಮಾಡಿ, ಕುಚ್ಚಲಕ್ಕಿ ಅನ್ನ ಅರೆದು ಅಂಟಿಸಿ ಉದ್ದದ ಸರಪಳಿ ಕಟ್ಟಿದೆವು. ಶುಭ ಶುಕ್ರವಾರ ಚರ್ಚಿನಿಂದ ಬಂದು ನೋಡಿದರೆ ನೆಲದ ತುಂಬ ಬಿಡಿ ಕಾಗದ. ಇಲಿಗಳು ಕಾಗದ ಮುಟ್ಟಿರಲಿಲ್ಲ, ಅಂಟು ಮಾತ್ರ ತಿಂದಿದ್ದವು.

"ಅಯ್ಯೋ ದೇವರೇ, ಇನ್ನೆಂತ ಮಾಡುವುದು?" ಅಂದೆ.

ನಮ್ಮವರು ಹಸಿದ ಹೊಟ್ಟೆ ಸವರಿಕೊಂಡು, "ಇವತ್ತು ಉಪವಾಸ ನಮಗೆ ಮಾತ್ರ ಅಂತ ಕಾಣ್ತದೆ ಮಾರಾಯ್ತಿ" ಅಂದರು.

ಸಮಾಧಿ

ನಮ್ಮವರು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಒಡೆದ ಹೆಂಚು, ಜೇಡಿಮಣ್ಣು ತಂದು ಜಗಲಿಯ ಮೂಲೆಯಲ್ಲಿ ಯೇಸುವಿನ ಸಮಾಧಿಯ ಗುಹೆ ಕಟ್ಟಿದರು. ಒಳಗೆ ಬಿಳಿ ಬಟ್ಟೆ ಮಡಚಿಟ್ಟು, ಬಾಯಿಗೆ ಕಲ್ಲು ಮುಚ್ಚಿದೆವು. ಭಾನುವಾರ ನೆಂಟರೆದುರು ಕಲ್ಲು ಸರಿಸಿ ಬರಿದಾದ ಸಮಾಧಿ ತೋರಿಸುವುದು ಅಂತ ಮಾತಾಗಿತ್ತು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಕಲ್ಲು ಆಗಲೇ ಸರಿದಿತ್ತು. ಒಳಗೆ ಬಿಳಿ ಬಟ್ಟೆಯ ಮೇಲೆ ಪಕ್ಕದ ಮನೆಯ ಬೆಕ್ಕು, ಮರಿಗಳ ಸಮೇತ! ಓಡಿಸಲು ಹೋದರೆ ಬುಸ್ಸೆಂದಿತು.

ಅತ್ತೆ ಬಗ್ಗಿ ನೋಡಿದರು. "ಬಾಣಂತಿಯನ್ನು ಎಬ್ಬಿಸಬೇಡ. ಸಮಾಧಿಯೊಳಗೆ ಹೆರಿಗೆ ಆಗಿದೆ. ಇದಕ್ಕಿಂತ ದೊಡ್ಡ ಈಸ್ಟರ್ ಬೇಕಾ ನಿನಗೆ?"

ಮೊಟ್ಟೆ

ನೀರುಳ್ಳಿ ಸಿಪ್ಪೆ ಹಾಕಿ ಬೇಯಿಸಿದರೆ ಮೊಟ್ಟೆಗೆ ಒಳ್ಳೆ ಕಂದು ಬಣ್ಣ ಬರುತ್ತದೆ. ಅದನ್ನು ಕಿರಿಯರ ಹಣೆಗೆ ಕುಟ್ಟಿ ಒಡೆಯುವುದು ನಮ್ಮಲ್ಲಿ ಹಬ್ಬದ ತಮಾಷೆ. "ಎಲ್ಲ ಬೇಯಿಸಿದರೆ ಹಾಳಾಗ್ತದೆ" ಎಂದು ಅತ್ತೆ ಅರ್ಧ ಮಾತ್ರ ಬೇಯಿಸಿದರು. ಉಳಿದ ಹಸಿ ಮೊಟ್ಟೆಗಳಿಗೆ ಅರಸಿನ, ಸುಣ್ಣ ಕಲಸಿ ಕೆಂಪು ಬಳಿದು ಅದೇ ಬುಟ್ಟಿಯಲ್ಲಿಟ್ಟರು. "ಕೆಂಪಿನದು ನೋಡ್ಲಿಕ್ಕೆ ಮಾತ್ರ, ನಾಳೆ ಊಟದ ಗಸಿಗೆ ಆಗ್ತದೆ" ಎಂದು ಮನೆಯವರಿಗೆಲ್ಲ ಹೇಳಿದ್ದಾಯಿತು. ನೆಂಟರಿಗೆ ಹೇಳುವವರು ಯಾರು?

ಗಂಡಿನ ತಂದೆ ಬಂದು ಕುಳಿತವರೇ ಕೆಂಪಿನದನ್ನೇ ಎತ್ತಿದರು.

"ಅದು ಬೇಡ, ಕಂದು ಬಣ್ಣದ್ದು ತೆಗೊಳ್ಳಿ, ರುಚಿ ಉಂಟು" ಅಂದೆ.

"ಹಬ್ಬಕ್ಕೆ ಕೆಂಪೇ ಲಕ್ಷಣ" ಎಂದು ನಕ್ಕು, ಪಕ್ಕದಲ್ಲಿದ್ದ ಮದುಮಗನಾಗಬೇಕಾದವನ ಹಣೆಗೆ ಟಪ್ಪೆಂದು ಕುಟ್ಟಿದರು.

ಲೋಳೆ ಹಣೆಯಿಂದ ಮೀಸೆಗೆ, ಮೀಸೆಯಿಂದ ಹೊಸ ಕೋಟಿಗೆ ಇಳಿಯಿತು. ಹುಡುಗ ಅಲ್ಲಾಡಲಿಲ್ಲ. ತಲೆ ತಗ್ಗಿಸಿ ನಿಲ್ಲು ಎಂದು ನಾನು ಹೇಳಿಟ್ಟಿದ್ದ ಮಗಳು ಪಕಪಕನೆ ನಕ್ಕಳು, ಅವಳಿಗೆ ತಡೆಯಲಿಕ್ಕೇ ಆಗಲಿಲ್ಲ. ಮುಗಿಯಿತು ಈ ಸಂಬಂಧವೂ ಎಂದು ನಾನು ಕಂಬ ಹಿಡಿದುಕೊಂಡೆ.

ಗಂಡಿನ ತಂದೆ ನಿಧಾನವಾಗಿ ಕೈ ಒರೆಸಿಕೊಂಡರು. "ಹುಡುಗಿಗೆ ನಗ್ಲಿಕ್ಕೆ ಬರ್ತದೆ. ಇವನಿಗೆ ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಬರ್ತದೆ. ಸಂಸಾರಕ್ಕೆ ಇನ್ನೆಂತ ಬೇಕು? ಮದುವೆ ಯಾವಾಗ ಇಟ್ಟುಕೊಳ್ಳುವ, ಹೇಳಿ."