ಪೆರಿಯನಾಯಕಿಯ ಬಾಕಿ ಆಟ

ಅಯ್ಯಾಸಾಮಿ ತನ್ನ ಹೆಂಡತಿ ಪೆರಿಯನಾಯಕಿಗೆ ಕೊಡಬೇಕಾದ ಹತ್ತು ತಿಂಗಳ ಕೂಲಿ ಇನ್ನೂ ತೀರಿಲ್ಲ. ದುಡ್ಡಿನ ಕೂಲಿಯಲ್ಲ. ದಿನಕ್ಕೊಂದು ಆಟದ ಕೂಲಿ.

ಹೋದ ವರ್ಷ, ಎಂಬತ್ತೇಳರ ದೀಪಾವಳಿಗೆ, ಅವಳ ತಮ್ಮ ದೇವರಾಜನ್ ಸಿಂಗಪುರದಿಂದ ಒಂದು ವಿಡಿಯೋ ಗೇಮಿನ ಪೆಟ್ಟಿಗೆ ತಂದು, "ಇದು ಅಕ್ಕನಿಗೆ" ಎಂದು ಹೇಳಿಯೇ ಕೊಟ್ಟಿದ್ದ. (ಆ ಮಾತು ಬರುವ ಹೊತ್ತಿಗೆ ಅಯ್ಯಾಸಾಮಿಗೆ ಕೆಮ್ಮು ಬಂದಿತ್ತಂತೆ, ಕೇಳಿಸಲಿಲ್ಲವಂತೆ.) ಮಗ್ಗ ಮಾರಿದ ಮೇಲೆ ತಿರುಪ್ಪೂರಿನ ಆ ಮನೆಯ ಮುಂದಿನ ಕೋಣೆ ಸುಮ್ಮನೆ ಬಿದ್ದಿತ್ತು. ಮಗ್ಗದ ಗುಂಡಿಗೆ ಹಲಗೆ ಮುಚ್ಚಿ, ಮೇಲೆ ಟೀವಿ ಇಟ್ಟು, ಪೆಟ್ಟಿಗೆ ಸಿಕ್ಕಿಸಿ, ಅರ್ಧ ಗಂಟೆಗೆ ಇಷ್ಟು ಎಂದು ಅಯ್ಯಾಸಾಮಿ ಬಾಗಿಲು ತೆರೆದ. ಬನಿಯನ್ ಕಂಪನಿಗಳಲ್ಲಿ ಕಟಿಂಗು, ಹೊಲಿಗೆ ಮಾಡುವ ನಮ್ಮ ಕನ್ನಡ ಮಾತಿನ ಗಂಡಸರು ಶಿಫ್ಟು ಬಿಟ್ಟೊಡನೆ ಬಂದು ಮುತ್ತಿಕೊಂಡರು. ಪರದೆಯ ಮೇಲಿಂದ ಹುಳುಗಳು ಸಾಲುಗಟ್ಟಿ ಇಳಿಯುತ್ತವೆ; ಕೆಳಗಿರುವ ಪುಟ್ಟ ಬಂಡಿ ಅವಕ್ಕೆ ಗುಂಡು ಹೊಡೆಯಬೇಕು. ಅಷ್ಟೇ. ಅಷ್ಟಕ್ಕೇ ಮೀಸೆ ನರೆತವರೂ ಊಟ ಮರೆತರು.

ಜನ ಸೇರಿದ ಮೇಲೆ ಜಗಳ ಸೇರದೆ ಇರುತ್ತದೆಯೇ. ಸರದಿ ಯಾರದು, ಕರೆಂಟು ಹೋದರೆ ಉಳಿದ ಆಟ ಯಾರ ತಲೆಗೆ, ಆಡುವವನ ಕಿವಿಯಲ್ಲಿ "ಎಡಕ್ಕೆ, ಎಡಕ್ಕೆ" ಎಂದು ಅರಚುವವನಿಗೆ ಏನು ಶಿಕ್ಷೆ. ಇದನ್ನೆಲ್ಲ ತೀರ್ಮಾನಿಸುತ್ತಿದ್ದವಳು ಪೆರಿಯನಾಯಕಿ. ಟೀ ಕಾಸುವವಳು ಅವಳು, ಸರದಿ ಕಾಯುವವಳು ಅವಳು, ಕಾಲರು ಹಿಡಿದುಕೊಂಡ ಇಬ್ಬರ ನಡುವೆ ಪೊರಕೆ ಇಳಿಸುವವಳೂ ಅವಳೇ. ಅದಕ್ಕೆ ಗಂಡ ಒಪ್ಪಿದ ಕೂಲಿ, ದಿನದ ಕೊನೆಯ ಆಟ ಅವಳದು.

ಕೊನೆಯ ಆಟದ ಹೊತ್ತಿಗೆ ಬಂಡಿ ಓಡಿಸುವ ಹಿಡಿಕೆ ಮಾತ್ರ ಅಯ್ಯಾಸಾಮಿಯ ಕೈಯಲ್ಲೇ ಇರುತ್ತಿತ್ತು.

"ಏನುಂಗ, ನನ್ನ ಆಟ ಏನಾಯ್ತು?"

"ಇರು ಅಮ್ಮಣಿ, ಈ ಸಾಲು ಮುಗಿಸ್ಬುಡ್ತೀನಿ."

"ನಿನ್ನೇನೂ ಈ ಸಾಲೇ ಅಂದ್ರಿ."

"ನಿನ್ನೇದು ಬೇರೆ ಹುಳ, ಇವತ್ತಿಂದು ಬೇರೆ ಹುಳ."

"ನಿಮ್ಮ ತಲೇಲಿರೋದು ಮಾತ್ರ ಅದೇ ಹುಳ" ಎಂದು ಅವಳು ಲೋಟ ತೊಳೆಯಲು ಹೋಗುತ್ತಿದ್ದಳು.

ಅಯ್ಯಾಸಾಮಿ ಕೆಟ್ಟವನಲ್ಲ. ಗಿರಣಿಯ ಗೇಟಿನಲ್ಲಿ ಬಿಸಿಲು ಕುಡಿದವನು, ಬೆನ್ನ ಮೇಲೆ ಲಾಠಿಯ ಬರೆ ಇರುವವನು, ಎರಡು ಸಲ ಜೈಲಿನ ಗಂಜಿ ಉಂಡವನು. ನಾಲ್ಕು ಜನ ಒಂದೆಡೆ ನಿಂತರೆ ಅವನಿಗೆ ಸಂಘ ಕಟ್ಟದೆ ನಿದ್ದೆ ಬಾರದು. ಜಗಳಕ್ಕೆಲ್ಲ ಸಂಘವೇ ಮದ್ದು ಎಂದು, ಒಂದು ಭಾನುವಾರ 'ದೃಶ್ಯಕ್ರೀಡಾ ಶ್ರಮಿಕರ ಮಹಾಸಂಘ' ಸ್ಥಾಪಿಸಿ ತಾನೇ ಅಧ್ಯಕ್ಷನಾದ.

ಸಭೆಯಲ್ಲಿ ಕಂಟ್ರಾಕ್ಟು ಮೇಸ್ತ್ರಿ ತಂಗವೇಲು ಕೂತಿದ್ದ. ತನ್ನ ಕೈಕೆಳಗಿನವರಿಗೆ ಶನಿವಾರದ ಕೂಲಿಯನ್ನು ಇನ್ನೊಂದು ಶನಿವಾರಕ್ಕೆ ತಳ್ಳುವ ಆಸಾಮಿ. ಅವನನ್ನು ಕಂಡದ್ದೇ ಅಯ್ಯಾಸಾಮಿಯ ಹಳೇ ರಕ್ತ ಕುದಿಯಿತು. ಸರದಿಯ ಮಾತು ಬಿಟ್ಟು ಹಲಗೆಯ ಮೇಲೆ ನಿಂತು ಠರಾವು ಮಂಡಿಸಿದ: "ಕೆಲಸ ಮಾಡಿಸ್ಕೊಂಡು ಕೂಲಿ ಕೊಡದೋನು ಈ ಯಂತ್ರ ಮುಟ್ಟಬಾರದು. ಬಾಕಿ ತೀರೋವರೆಗೂ ಹೊರಗೆ ಜಗಲೀಲಿ, ತಿಣ್ಣೆ ಮೇಲೆ ಕೂರಬೇಕು."

ಎಲ್ಲರ ಕೈಯೂ ಮೇಲೆದ್ದಿತು. ಅಯ್ಯಾಸಾಮಿಯ ಎರಡೂ ಕೈ ಎದ್ದವು. ತಂಗವೇಲು ಚಪ್ಪಲಿ ಹುಡುಕಿಕೊಂಡು ತಿಣ್ಣೆಗೆ ಹೋದ.

ಚಪ್ಪಾಳೆ ನಿಂತ ಮೇಲೆ ಪೆರಿಯನಾಯಕಿ ಟೀ ಪಾತ್ರೆ ಕೆಳಗಿಟ್ಟಳು. "ಅಧ್ಯಕ್ಷರೇ, ಒಂದು ಮಾತು."

ಮದುವೆಯಾದಾಗಿನಿಂದ ಅವಳು ಹಾಗೆ ಕರೆದವಳಲ್ಲ.

"ಈ ಠರಾವು ತಂಗವೇಲು ಅಣ್ಣನಿಗೆ ಮಾತ್ರವಾ, ಎಲ್ಲರಿಗೂವಾ?"

"ಎಲ್ಲರಿಗೂ. ನ್ಯಾಯ ಅನ್ನೋದು ಮುಖ ನೋಡೋದಿಲ್ಲ." ಮತ್ತೆ ಚಪ್ಪಾಳೆ.

"ಹಂಗಾದ್ರೆ ನನ್ನ ಹತ್ತು ತಿಂಗಳ ಕೂಲಿ?"

ಅಯ್ಯಾಸಾಮಿ ನಕ್ಕು ನೋಡಿದ, ಯಾರೂ ನಗಲಿಲ್ಲ. "ಅದು ಮನೆ ವಿಷಯ ಅಮ್ಮಣಿ. ಒಳಗೆ ಮಾತಾಡೋಣ."

ಕಟಿಂಗ್ ಮಾಸ್ಟರ್ ಸೋಮಸುಂದರಂ ಎದ್ದು ನಿಂತ. ಗೇಟಿನ ಮುಂದೆ ಮಾತಾಡುವುದನ್ನು ಅವನಿಗೆ ಕಲಿಸಿದವನೇ ಅಯ್ಯಾಸಾಮಿ. "ಅಣ್ಣಾ, ಒಳಗೆ ಬಾ ಮಾತಾಡೋಣ ಅಂತ ಗಿರಣಿ ಮೊದಲಾಳಿ ಕರೆದ್ರೆ ಹೋಗಬೇಡ ಅಂತ ನೀವೇ ಹೇಳ್ಕೊಟ್ಟಿದ್ದು."

"ಅವಳು ನನ್ನ ಹೆಂಡ್ತಿ ಕಣಪ್ಪಾ."

"ಮೊದಲಾಳೀನೂ ನಾವೆಲ್ಲ ಒಂದೇ ಕುಟುಂಬ ಅಂತಾನೇ ಹೇಳೋದು."

ಮತಕ್ಕೆ ಹಾಕಿದರು. ವಿರೋಧಕ್ಕೆ ಎದ್ದದ್ದು ಒಂದೇ ಕೈ. ಬಾಕಿದಾರನಿಗೆ ಮತವಿಲ್ಲ ಎಂದು ಅದನ್ನೂ ಇಳಿಸಿದರು. ಬಾಕಿ ತೀರುವವರೆಗೆ ಪೆರಿಯನಾಯಕಿಯ ಕೆಲಸವೆಲ್ಲ ಅಯ್ಯಾಸಾಮಿಯದು; ಕೂರುವುದು ತಿಣ್ಣೆಯ ಮೇಲೆ.

ತಂಗವೇಲು ಟವೆಲ್ಲು ಕೊಡವಿ ಜಾಗ ಬಿಟ್ಟ. "ಕೂತ್ಕೊಳ್ಳಿ ಅಣ್ಣಾ. ಬೇಕಿದ್ರೆ ನಾವಿಬ್ರೂ ಒಂದು ಸಂಘ ಕಟ್ಟೋಣ."

ಮೊದಲ ಸಂಜೆ ಅಯ್ಯಾಸಾಮಿಗೆ ಜೀವ ಬಂದಿತ್ತು. ಪೆರಿಯನಾಯಕಿಗೆ ಆಟ ಗೊತ್ತಿರಲಿಲ್ಲ. ಅವಳ ಬಂಡಿ ಕಣ್ಣು ಮಿಟುಕಿಸುವುದರೊಳಗೆ ಚೂರಾಗುತ್ತಿತ್ತು. ಒಂದರ ಮೇಲೊಂದು ಆಟ ಮುಗಿದು ಬಾಕಿ ತೀರುತ್ತಿತ್ತು. ಈ ಲೆಕ್ಕದಲ್ಲಿ ಪೊಂಗಲ್‌ಗೆ ಒಳಗೆ ಹೋಗಬಹುದು ಎಂದುಕೊಂಡ. ಆದರೆ ಸುತ್ತ ನಿಂತವರೆಲ್ಲ "ಎಡಕ್ಕೆ ಅಕ್ಕಾ, ಬಲಕ್ಕೆ ಅಕ್ಕಾ" ಎಂದು ಕಲಿಸಿಬಿಟ್ಟರು. ಈಗ ಅವಳು ಹಿಡಿಕೆ ಹಿಡಿದರೆ ಒಂದೇ ಆಟ ಇಡೀ ಸಂಜೆ ನಡೆಯುತ್ತದೆ. ಕರೆಂಟು ಹೋದರೆ ಮಾತ್ರ ಸಾಯುತ್ತಾಳೆ. ಹಾಗೆ ಸತ್ತ ಆಟ ಲೆಕ್ಕಕ್ಕಿಲ್ಲವೆಂದು ಮಹಾಸಂಘ ತೀರ್ಮಾನಿಸಿದೆ.

ನಿನ್ನೆ ಅಯ್ಯಾಸಾಮಿ ಟೀ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತು ಕೇಳಿದ: "ಅಮ್ಮಣಿ, ಒಂದೇ ಒಂದು ಆಟ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇರುಂಗ, ಈ ಸಾಲು ಮುಗಿಸ್ಬುಡ್ತೀನಿ."

ಓದುತ್ತಾ ಕೂತವರೇ, ನಿಮಗೀಗ ಟೀ ತಂದುಕೊಟ್ಟವರು ಯಾರು? ಅವರಿಗೆ ಏನು ಕೊಡುತ್ತೇನೆಂದು ಒಪ್ಪಿದ್ದಿರಿ? ಕೊಟ್ಟಿರಾ? ಕೊಟ್ಟಿಲ್ಲವೆಂದರೆ ಪುಸ್ತಕ ಕೆಳಗಿಟ್ಟು ಎದ್ದು ಬನ್ನಿ. ತಂಗವೇಲು ಮೊನ್ನೆ ಬಾಕಿ ತೀರಿಸಿ ಒಳಗೆ ಹೋದ. ತಿಣ್ಣೆಯ ಮೇಲೆ ಅವನ ಜಾಗ ಖಾಲಿಯಿದೆ.